ಸ್ಟುಟ್‌ಗಾರ್ಟಿಗೆ ಬಂದ ತಂಗಿಗೆ

ಪ್ರಿಯ ತಂಗಿ,

ವಂದನೆಗಳು. ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಮನೆಯಲ್ಲಿ ಎರಡು ಚಿಕ್ಕ ಮಕ್ಕಳು, ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ಡ್ಯೂಟಿ, ಕುಟುಂಬ ಪ್ರಾರ್ಥನೆ ನಿಂತೇ ಹೋಗಿದೆ, ಉಡುಪಿಯಿಂದ ಅಮ್ಮ ಫೋನ್ ಮಾಡಿ "ಚರ್ಚಿಗೆ ಹೋದೆಯಾ?" ಎಂದಾಗ ಏನು ಹೇಳಲೂ ತೋಚುವುದಿಲ್ಲ ಎಂದು ಬರೆದಿದ್ದೀಯ. ಜರ್ಮನಿಯಲ್ಲಿ ಭಕ್ತಿಯ ಬದುಕು ಹೇಗೆ ಸಾಗುತ್ತದೆ, ವಿಳಾಸ ನೋಂದಣಿಯ ಅರ್ಜಿಯಲ್ಲಿ ಧರ್ಮದ ಕಾಲಂ ತುಂಬಬೇಕೇ ಎಂದೂ ಕೇಳಿದ್ದೀಯ.

ಊರಿನಲ್ಲಿ ಅತ್ತೆ ಸಂಜೆ ಪ್ರಾರ್ಥನೆಗೆ ಕರೆಯುತ್ತಿದ್ದರು, ನೀನು ಒಲೆಯ ಮುಂದಿನಿಂದಲೇ ದನಿಗೂಡಿಸಿದರೂ ನಡೆಯುತ್ತಿತ್ತು. ಮಕ್ಕಳನ್ನು ಸಂಡೇ ಸ್ಕೂಲಿಗೆ ಯಾರಾದರೂ ಕರೆದುಕೊಂಡು ಹೋಗುತ್ತಿದ್ದರು. ಇಷ್ಟು ಜನ ಹೊರುತ್ತಿದ್ದ ಹೊರೆ ಈಗ ನಿನ್ನೊಬ್ಬಳ ತಲೆಯ ಮೇಲೆ ಬಂದಿದೆ. ಕೈಗಳು ಸಾಲದೆ ಬಂದಿವೆ, ಅಷ್ಟೇ. ವಿಶ್ವಾಸ ತಣ್ಣಗಾಯಿತೆಂದು ನಿನ್ನನ್ನು ನೀನೇ ಹಳಿದುಕೊಳ್ಳಬೇಡ. ಬೈಬಲಿನ ಮಾರ್ಥಳ ಹಾಗೆ ಬರೀ ಕೆಲಸದಲ್ಲಿ ಮುಳುಗಿದ್ದೀಯ ಎಂದು ಯಾರಾದರೂ ಬುದ್ಧಿ ಹೇಳಲು ಬಂದರೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆರೆದು ತೋರಿಸು. ತಮ್ಮ ಸತ್ತಿರುವಾಗ ಎದ್ದು ಹೋಗಿ ಯೇಸುವನ್ನು ದಾರಿಯಲ್ಲೇ ಎದುರುಗೊಂಡವಳು, ನೀನೇ ಕ್ರಿಸ್ತನೆಂದು ಒಪ್ಪಿಕೊಂಡವಳು ಆ ಮಾರ್ಥಳೇ. ಪ್ರಸಂಗಗಳಲ್ಲಿ ಈ ಮಾತು ಯಾಕೋ ಅಪರೂಪ.

ಊರಿನ ಅರ್ಧ ಗಂಟೆಯ ಪ್ರಾರ್ಥನೆಯನ್ನು ಇಲ್ಲಿ ಹಾಗೆಯೇ ನಡೆಸಲು ಹೊರಟರೆ ವಾರದೊಳಗೆ ಕೈಬಿಡುತ್ತೀಯ. ಇಲ್ಲಿಯವರದೇ ಒಂದು ರೂಢಿ ಇದೆ, ಅದನ್ನು ಹಿಡಿದುಕೋ. ಹೆರ್ನ್‌ಹೂಟ್ ಎಂಬ ಊರಿನ 'ಸಹೋದರರ ಸಭೆ' ಎಂಬ ಕ್ರೈಸ್ತ ಪಂಗಡ 1731ರಿಂದ ಪ್ರತಿ ವರ್ಷಕ್ಕೂ ಒಂದು ಚಿಕ್ಕ ಪುಸ್ತಕ ಮುದ್ರಿಸುತ್ತಾ ಬಂದಿದೆ, ಹೆಸರು 'ಲೋಸುಂಗೆನ್'. ದಿನಕ್ಕೊಂದು ಹಳೆಯ ಒಡಂಬಡಿಕೆಯ ವಾಕ್ಯ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯ. ಮೊದಲನೆಯದನ್ನು ಇಂದಿಗೂ ಚೀಟಿ ಎತ್ತಿಯೇ ಆರಿಸುತ್ತಾರೆ. ಮೊಬೈಲಿನಲ್ಲೂ ಸಿಗುತ್ತದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ನಾನು ಮಕ್ಕಳ ತಿಂಡಿ ಡಬ್ಬಿಗೆ ಬ್ರೆಡ್ಡು, ಸೌತೆಕಾಯಿ ಹೋಳು ತುಂಬುತ್ತಿರುವಾಗ ದೊಡ್ಡವಳು ವಾಕ್ಯವನ್ನು ಜರ್ಮನ್‌ನಲ್ಲಿ ಓದುತ್ತಾಳೆ, ನಾನು ಅದನ್ನೇ ಕನ್ನಡ ಸತ್ಯವೇದದಲ್ಲಿ ಹುಡುಕಿ ಓದುತ್ತೇನೆ, ಚಿಕ್ಕವನು ಬೂಟಿನ ಪಟ್ಟಿ ಎಳೆಯುತ್ತಲೇ ಆಮೆನ್ ಎನ್ನುತ್ತಾನೆ. ಡಬ್ಬಿಯ ಮುಚ್ಚಳ ಹಾಕುವುದರೊಳಗೆ ಮುಗಿಯುತ್ತದೆ. ಕೆಲವು ದಿನ ಅದೂ ಇಲ್ಲ. ರಾತ್ರಿ ಪಾಳಿಗೆ 121ನೇ ಕೀರ್ತನೆ ಬಾಯಿಪಾಠವಿರಲಿ. ಕಾಯುವಾತನು ತೂಕಡಿಸುವುದಿಲ್ಲ ಎಂಬ ಮಾತಿನ ಬೆಲೆ ಬೆಳಗಿನ ಜಾವ ಮೂರು ಗಂಟೆಗೆ ವಾರ್ಡಿನಲ್ಲಿ ನಿಂತವರಿಗೆ ಗೊತ್ತು. ದೊಡ್ಡ ಆಸ್ಪತ್ರೆಗಳಲ್ಲಿ ಪ್ರಾರ್ಥನಾ ಕೊಠಡಿ ಇರುವುದು ಇಲ್ಲಿ ಸಾಮಾನ್ಯ. ಅಲ್ಲಿನ ಪಾದ್ರಿಗಳು ರೋಗಿಗಳಿಗಷ್ಟೇ ಮೀಸಲಲ್ಲ; ದಾದಿಯರ ಮಾತಿಗೂ ಕಿವಿಗೊಡುತ್ತಾರೆ.

ಗಂಡನಿಗೂ ಒಂದು ಮಾತು ತಿಳಿಸು. ಮಗುವಿನ ಬಟ್ಟೆ ಒಗೆಯುವ ತಂದೆಯನ್ನು ಕಂಡು ಊರವರು ನಗಬಹುದು, ಆದರೆ ದೇವರು ದೂತರೊಡನೆ ಸಂತೋಷದಿಂದ ನಗುತ್ತಾನೆ ಎಂದು ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ 1522ರಲ್ಲೇ ಬರೆದಿದ್ದಾನೆ. ಲೂಥರನ ಮಾತನ್ನು ತಳ್ಳಿಹಾಕುವಷ್ಟು ಧೈರ್ಯ ನಮ್ಮ ಕಡೆಯ ಗಂಡಸರಿಗೆ ಇರಲಾರದು.

ಇನ್ನು ಭಾನುವಾರ. ಅಂದು ಇಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ಹಾಲು ಮುಗಿದ ದಿನ ಶಪಿಸುತ್ತೀಯ, ಆಮೇಲೆ ಅದೇ ವರವೆನಿಸುತ್ತದೆ. ಆರಾಧನೆ ಸುಮಾರು ಒಂದು ಗಂಟೆಯದು. ಬೆಂಚುಗಳಲ್ಲಿ ಹೆಚ್ಚಿನವರು ಅಜ್ಜ ಅಜ್ಜಿಯರು. ಹೊಸಬರನ್ನು ಬಂದು ಮಾತನಾಡಿಸುವ ಅಭ್ಯಾಸ ಅವರಿಗೆ ಕಡಿಮೆ, ಬೇಸರ ಮಾಡಿಕೊಳ್ಳಬೇಡ. ಆರಾಧನೆಯ ನಂತರದ ಕಾಫಿಗೆ ನಿಂತರೆ ತಾವಾಗಿಯೇ ಬಾಯಿ ಬಿಡುತ್ತಾರೆ. ಆದರೆ ಆರ್ಗನ್ ಶುರುವಾದಾಗ ನೋಡು. ನಮ್ಮ ಬಾಸೆಲ್ ಮಿಶನ್ ಸಭೆಗಳ ಹಳೆಯ ಗೀತೆಗಳಲ್ಲಿ ಎಷ್ಟೋ ರಾಗಗಳು ಇಲ್ಲಿಂದ ಬಂದವು. ಆ ಮಿಶನ್ನಿನಿಂದ ನಮ್ಮ ಕಡೆಗೆ ಬಂದಿದ್ದ, ಕನ್ನಡ ನಿಘಂಟು ಬರೆದ ಕಿಟೆಲ್ ತೀರಿಕೊಂಡದ್ದು ಪಕ್ಕದ ಟ್ಯೂಬಿಂಗನ್‌ನಲ್ಲಿ, 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ಹೊರಡಿಸಿದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಎಸ್ಲಿಂಗನ್‌ನಲ್ಲಿ. ರಾಗ ಪರಿಚಯದ್ದಾದರೆ ನಾನು ನಾಚಿಕೆಯಿಲ್ಲದೆ ಕನ್ನಡದಲ್ಲೇ ಹಾಡುತ್ತೇನೆ. ಒಮ್ಮೆ ಪಕ್ಕದ ಅಜ್ಜಿ ತಿರುಗಿ ನೋಡಿದರು, ನಕ್ಕರು, ತಮ್ಮ ದನಿಯನ್ನೂ ಸ್ವಲ್ಪ ಏರಿಸಿದರು.

ಅಕ್ಟೋಬರಿನ ಆರಂಭದಲ್ಲಿ ಬೆಳೆಯ ಹಬ್ಬ ಬರುತ್ತದೆ. ಕುಂಬಳ, ಸೇಬು, ಬ್ರೆಡ್ಡು ಎಲ್ಲವನ್ನೂ ವೇದಿಯ ಮುಂದೆ ಜೋಡಿಸುತ್ತಾರೆ, ನಮ್ಮ ಹಾಗೆ ಏಲಂ ಇಲ್ಲ. ಒಂದು ಬಾಳೆಗೊನೆಗೆ ಪೈಪೋಟಿ ಬಿದ್ದು ಬೆಲೆ ಏರಿಸುವ ಆ ಗದ್ದಲವಿಲ್ಲದ ಹಬ್ಬ ನನಗೆ ಇನ್ನೂ ಸಪ್ಪೆಯೇ. ಮಾರ್ಚ್ ತಿಂಗಳ ಮೊದಲ ಶುಕ್ರವಾರದ ಮಹಿಳೆಯರ ವಿಶ್ವ ಪ್ರಾರ್ಥನಾ ದಿನವನ್ನು ಮಾತ್ರ ತಪ್ಪಿಸಬೇಡ. ಪ್ರತಿ ವರ್ಷ ಬೇರೊಂದು ದೇಶದ ಮಹಿಳೆಯರು ಆರಾಧನೆಯ ಕ್ರಮವನ್ನು ಬರೆದು ಕಳುಹಿಸುತ್ತಾರೆ, ಕೆಥೊಲಿಕರೂ ನಮ್ಮವರೂ ಒಟ್ಟಿಗೆ ಸೇರುತ್ತಾರೆ, ಮುಗಿದ ಮೇಲೆ ಊಟ. ಸಿದ್ಧತೆಗೆ ಕೈ ಜೋಡಿಸಿದರೆ ಗೆಳತಿಯರು ಸಿಗುತ್ತಾರೆ. ನನಗೆ ಮಗುವನ್ನು ನೋಡಿಕೊಳ್ಳುವ ಅಜ್ಜಿ ಸಿಕ್ಕಿದ್ದು ಅಲ್ಲಿ, ಪಾತ್ರೆ ತೊಳೆಯುವ ಸಿಂಕಿನ ಬಳಿ.

ಅರ್ಜಿಯ ವಿಷಯ. ಧರ್ಮದ ಕಾಲಂನಲ್ಲಿ ತಮ್ಮ ಸಭೆಯನ್ನು ಬರೆದವರಿಗೆ ಚರ್ಚ್ ತೆರಿಗೆ ಇರುವುದು ನಿಜ. ಈ ರಾಜ್ಯದಲ್ಲಿ ಅದು ನೀನು ಕಟ್ಟುವ ಆದಾಯ ತೆರಿಗೆಯ ಶೇ. 8, ಸಂಬಳದ ಶೇ. 8 ಎಂದು ಹೆದರಿಸುವವರ ಮಾತು ನಂಬಬೇಡ. ತಿಂಗಳಿಗೆ 300 ಯೂರೊ ಆದಾಯ ತೆರಿಗೆ ಕಡಿತವಾದರೆ ಚರ್ಚಿಗೆ 24 ಯೂರೊ, ಮಕ್ಕಳಿದ್ದರೆ ಇನ್ನೂ ಕಡಿಮೆ. ವರ್ಷದ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚೆಂದು ತೋರಿಸಲೂಬಹುದು. ಕಾಲಂ ಖಾಲಿ ಬಿಟ್ಟವರನ್ನು ಚರ್ಚಿನ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ನಾವು 'ಎವಾಂಗೆಲಿಶ್', ಅಂದರೆ ಪ್ರೊಟೆಸ್ಟಂಟ್, ಎಂದು ಬರೆದು ಕಟ್ಟುತ್ತಿದ್ದೇವೆ; ನೀವಿಬ್ಬರೂ ಕೂತು ನಿರ್ಧರಿಸಿ. ಶಾಲೆಯಲ್ಲಿ ಧರ್ಮ ಶಿಕ್ಷಣ ಒಂದು ಪಾಠವಾಗಿಯೇ ಇದೆ, 14ರ ವಯಸ್ಸಿನ ಸುಮಾರಿಗೆ ಚರ್ಚಿನಲ್ಲಿ ದೃಢೀಕರಣ (ಕನ್ಫರ್ಮೇಶನ್) ಬರುತ್ತದೆ. ಆಗ ಓಡಾಡುವ ಬದಲು ಈಗಲೇ ಊರಿನ ಸಭಾಪಾಲಕರಿಗೆ ಹೇಳಿ ಮಕ್ಕಳ ದೀಕ್ಷಾಸ್ನಾನದ ಪತ್ರ ತರಿಸಿಕೋ, ಇಂಗ್ಲಿಷಿನಲ್ಲಿ ಬರೆಸು, ಮುದ್ರೆ ಬಿದ್ದಿದೆಯೇ ನೋಡಿಕೋ.

ನಿನ್ನ ಅಕ್ಕ