ನಲವತ್ತು ಸಾವಿರಕ್ಕೆ ಹೋಮ್ ಥಿಯೇಟರ್ ಸೆಟ್ ಕೊಳ್ಳಬೇಕೇ, ಸ್ಟೀರಿಯೊ ಆಂಪ್ಲಿಫೈಯರ್ ಕೊಳ್ಳಬೇಕೇ?

ಹಾಸನದಲ್ಲಿ ಕಟ್ಟಿಸುತ್ತಿರುವ ಮನೆಯ ಹಾಲ್ 12 ಅಡಿ ಅಗಲ, 18 ಅಡಿ ಉದ್ದ, 10 ಅಡಿ ಎತ್ತರ ಇದೆ ಎಂದಿದ್ದೀರಿ. ಸದ್ಯ ಕೈಯಲ್ಲಿ 40,000 ರೂಪಾಯಿ ಇದೆ, ಎರಡು ವರ್ಷದಲ್ಲಿ ಇನ್ನೊಂದು ಲಕ್ಷ ಹೊಂದಿಸಬಹುದು. ಅಂಗಡಿಯವರು 1000 ವ್ಯಾಟ್‌ನ 5.1 ಸೆಟ್ (ಐದು ಸ್ಪೀಕರ್, ಜೊತೆಗೆ ಮಂದ್ರ ಸ್ವರಕ್ಕೆಂದೇ ಒಂದು ಸಬ್‌ವೂಫರ್) ತೋರಿಸುತ್ತಿದ್ದಾರೆ, ಅದನ್ನೇ ತರಲೇ ಎಂದು ಕೇಳಿದ್ದೀರಿ. ದಿನವೂ ಭಾವಗೀತೆ, ಹಳೆಯ ಚಿತ್ರಗೀತೆ, ಹಾಸನ ಆಕಾಶವಾಣಿ ಕೇಳುತ್ತೀರಿ, ಸಿನಿಮಾ ವಾರಕ್ಕೊಂದು ಎಂದೂ ಬರೆದಿದ್ದೀರಿ. ಉತ್ತರದ ಅರ್ಧ ಭಾಗ ಈ ಕೊನೆಯ ಮಾತಿನಲ್ಲೇ ಇದೆ. ಹೆಚ್ಚು ಹೊತ್ತು ಹಾಡು ಕೇಳುವ ಮನೆಗೆ ಐದು ಸಾಧಾರಣ ಸ್ಪೀಕರ್‌ಗಳಿಗಿಂತ ಎರಡು ಒಳ್ಳೆಯ ಸ್ಪೀಕರ್‌ಗಳೇ ಬೇಕು. ಆದ್ದರಿಂದ ಈಗ ಒಂದು ಜೋಡಿ ಸ್ಪೀಕರ್ ಮತ್ತು ಆ ಎರಡನ್ನು ನಡೆಸುವ ಒಂದು ಸ್ಟೀರಿಯೊ ಆಂಪ್ಲಿಫೈಯರ್ ಕೊಳ್ಳಿ. ಸಿನಿಮಾಕ್ಕೆ ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ಪೆಟ್ಟಿಗೆ, ಅಂದರೆ ರಿಸೀವರ್, ಎರಡು ವರ್ಷದ ನಂತರ ಬರಲಿ.

ಆ 1000 ವ್ಯಾಟ್‌ನ ವಿಷಯಕ್ಕೆ ಬರುತ್ತೇನೆ. ಚಿಕ್ಕಮಗಳೂರಿನಲ್ಲಿ ನನ್ನ ತಂಗಿಯ ಮನೆಗೆ ಇಂಥದೇ ಸೆಟ್ ನೋಡಲು ಹೋದಾಗ, ಅಂಗಡಿಯಲ್ಲೇ ಪೆಟ್ಟಿಗೆಯನ್ನು ತಿರುಗಿಸಿ ಹಿಂದೆ ಅಂಟಿಸಿದ್ದ ಚಿಕ್ಕ ಫಲಕವನ್ನು ಓದಿದೆ. ಮುಂದೆ ದಪ್ಪ ಅಕ್ಷರದಲ್ಲಿ 1000 ವ್ಯಾಟ್ ಎಂದಿತ್ತು. ಹಿಂದೆ ಅದು ಗೋಡೆಯಿಂದ ಎಳೆಯುವ ವಿದ್ಯುತ್ 95 ವ್ಯಾಟ್ ಎಂದಿತ್ತು. 95 ವ್ಯಾಟ್ ಒಳಗೆ ತೆಗೆದುಕೊಂಡು 1000 ವ್ಯಾಟ್ ನಿರಂತರವಾಗಿ ಹೊರಗೆ ಕೊಡುವ ಯಂತ್ರ ಇಲ್ಲ. ಒಂದೇ ಚಾನೆಲ್ಲನ್ನು (ಒಂದು ಸ್ಪೀಕರ್‌ಗೆ ಹೋಗುವ ಧ್ವನಿಯ ದಾರಿ) ಒಂದೇ ಸ್ವರದಲ್ಲಿ, ಧ್ವನಿ 10 ಶೇಕಡಾ ಕೆಡುವವರೆಗೂ ತಳ್ಳಿ ಅಳೆದು, ಬಂದ ಅಂಕಿಯನ್ನು ಎಲ್ಲ ಚಾನೆಲ್‌ಗಳಿಗೂ ಸೇರಿಸಿ ಕೂಡಿದಾಗ ಇಂಥ ದೊಡ್ಡ ಸಂಖ್ಯೆಗಳು ಹುಟ್ಟುತ್ತವೆ. ನಂಬಬಹುದಾದ ಅಂಕಿ ಹೇಗಿರುತ್ತದೆಂದರೆ, 8 ಓಮ್‌ನ ಸ್ಪೀಕರ್‌ಗೆ, ಎರಡೂ ಚಾನೆಲ್ ನಡೆಯುತ್ತಿರುವಾಗ, 20ರಿಂದ 20,000 ಹರ್ಟ್ಜ್‌ವರೆಗೆ, ಕೆಡುವಿಕೆ 0.1 ಶೇಕಡಾದ ಒಳಗೆ ಇಷ್ಟು ವ್ಯಾಟ್ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ನೀವೂ ಅಂಗಡಿಯಲ್ಲಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, ಸಂಕೋಚ ಬೇಡ.

ನಿಮಗೆ ಬೇಕಾದ ವ್ಯಾಟ್ ಎಷ್ಟು ಕಡಿಮೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸಬಹುದು. ಸಾಮಾನ್ಯ ಬುಕ್‌ಶೆಲ್ಫ್ ಸ್ಪೀಕರ್ (ಸ್ಟ್ಯಾಂಡಿನ ಮೇಲಿಡುವ ಚಿಕ್ಕ ಸ್ಪೀಕರ್) ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಸುಮಾರು 87 ಡೆಸಿಬಲ್ ಧ್ವನಿ ಕೊಡುತ್ತದೆ. ನೀವು ಕೂರುವುದು ಹತ್ತು ಅಡಿ ದೂರದಲ್ಲಿ ಎಂದಿಟ್ಟುಕೊಂಡರೂ, ಎರಡು ಸ್ಪೀಕರ್ ಸೇರಿ ಒಂದೊಂದೇ ವ್ಯಾಟ್‌ಗೆ ಸುಮಾರು 80 ಡೆಸಿಬಲ್ ನಿಮ್ಮ ಕಿವಿಗೆ ತಲುಪುತ್ತದೆ. ಮನೆಯಲ್ಲಿ ಮಾತನಾಡಬೇಕಾದರೆ ದನಿ ಏರಿಸಬೇಕಾಗುವಷ್ಟು ಜೋರು ಅದು. ವ್ಯಾಟ್ ಎರಡರಷ್ಟಾದರೆ ಹೆಚ್ಚುವುದು 3 ಡೆಸಿಬಲ್ ಮಾತ್ರ. ಆದ್ದರಿಂದ 50 ವ್ಯಾಟ್‌ನ ಆಂಪ್ಲಿಫೈಯರ್ ಬಿಟ್ಟು 60ರದಕ್ಕೆ ಹೆಚ್ಚು ಹಣ ಕೊಡುವುದು ವ್ಯರ್ಥ, ಅದೇ ಹಣವನ್ನು ಸ್ಪೀಕರ್‌ಗೆ ಹಾಕಿದರೆ ವ್ಯತ್ಯಾಸ ಮೊದಲ ಹಾಡಿನಲ್ಲೇ ಕೇಳಿಸುತ್ತದೆ.

ನಲವತ್ತು ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸ್ಪೀಕರ್‌ಗೆ ಇಡಿ. ಐದೂಕಾಲು ಅಥವಾ ಆರೂವರೆ ಇಂಚಿನ ವೂಫರ್ (ಮಂದ್ರ ಸ್ವರ ಹೊರಡಿಸುವ ಭಾಗ) ಇರುವ ಜೋಡಿಯನ್ನು ನೋಡಿ. ಅದೇ ಸರಣಿಯಲ್ಲಿ ಇವೆರಡರ ನಡುವೆ ಇಡುವ ಸೆಂಟರ್ ಸ್ಪೀಕರ್ ಕೂಡ ಸಿಗುತ್ತದೆಯೇ ಎಂದು ಈಗಲೇ ವಿಚಾರಿಸಿ, ಮುಂದೆ ಅದು ಬೇಕಾಗುತ್ತದೆ. ಸ್ಪೀಕರ್ ಆರಿಸಲು ನೀವು ನೂರಾರು ಸಲ ಕೇಳಿದ ಹಾಡನ್ನೇ ತೆಗೆದುಕೊಂಡು ಹೋಗಿ. ಗಾಯಕರು ಉಸಿರು ತೆಗೆದುಕೊಳ್ಳುವುದು, ತಬಲಾದ ಎಡದ ಗುಂಯ್‌ಗುಡುವಿಕೆ, ಸಾಹಿತ್ಯದ ಒತ್ತಕ್ಷರ, ಈ ಮೂರೂ ಬಿಡಿಬಿಡಿಯಾಗಿ ಕೇಳಿದರೆ ಆ ಸ್ಪೀಕರ್ ನಿಮ್ಮದು. ನನ್ನ ಸ್ಪೀಕರ್‌ಗಳಿಗೆ ಸ್ಟ್ಯಾಂಡನ್ನು ನಮ್ಮೂರಿನ ಬಡಗಿಯಿಂದ ಸಿಲ್ವರ್ ಓಕ್ ಮರದಲ್ಲಿ ಮಾಡಿಸಿದೆ. ನಡುವಿನ ಟೊಳ್ಳು ಕಂಬಕ್ಕೆ ಒಣಗಿಸಿದ ಮರಳು ತುಂಬಿಸಿದ ಮೇಲೆ ಅದು ಅಲುಗುವುದಿಲ್ಲ, ಗುನುಗುವುದೂ ಇಲ್ಲ. ಕುಳಿತಾಗ ಟ್ವೀಟರ್ (ತಾರ ಸ್ವರ ಹೊರಡಿಸುವ ಚಿಕ್ಕ ಭಾಗ) ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು, ಎತ್ತರದ ಲೆಕ್ಕ ಅಷ್ಟೇ.

ಆಂಪ್ಲಿಫೈಯರ್‌ನಲ್ಲಿ ಆಪ್ಟಿಕಲ್ ಇನ್‌ಪುಟ್ ಮತ್ತು ಸಬ್‌ವೂಫರ್ ಔಟ್ ಇರಲಿ. ಟಿವಿಯನ್ನು ಆಪ್ಟಿಕಲ್ ತಂತಿಯಿಂದ ಜೋಡಿಸಿದಾಗ ಟಿವಿಯ ಧ್ವನಿ ಸೆಟ್ಟಿಂಗನ್ನು ಪಿಸಿಎಂ (ಸಂಕೇತ ಬಿಡಿಸಬೇಕಿಲ್ಲದ ಸರಳ ಡಿಜಿಟಲ್ ಧ್ವನಿ) ಎಂದು ಬದಲಿಸಿ. ಸ್ಟೀರಿಯೊ ಆಂಪ್ಲಿಫೈಯರ್‌ಗೆ ಸಿನಿಮಾದ ಡಾಲ್ಬಿ ಸಂಕೇತ ಬಿಡಿಸಲು ಬರುವುದಿಲ್ಲವಾದ್ದರಿಂದ ಧ್ವನಿ ಸರಿಯಾಗಿ ಬರುವುದಿಲ್ಲ. ಇದೊಂದನ್ನು ಮರೆತು ಎಷ್ಟೋ ಜನ ಹೊಸ ಪೆಟ್ಟಿಗೆ ಕೆಟ್ಟಿದೆ ಎಂದು ವಾಪಸು ಕೊಡುತ್ತಾರೆ. ಹಳೆಯದನ್ನು ಕೊಳ್ಳುವುದಾದರೆ ವೂಫರ್‌ನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ. ರಬ್ಬರ್ ಆದರೆ ಬಾಳುತ್ತದೆ. ಫೋಮ್ ಆಗಿದ್ದರೆ ವರ್ಷಗಳು ಕಳೆದಂತೆ ಪುಡಿಯಾಗುತ್ತದೆ, ಮೂಡಿಗೆರೆ, ಸಕಲೇಶಪುರದ ಕಡೆಯ ಮಳೆಗಾಲ ಕಂಡ ಸ್ಪೀಕರ್ ಆದರೆ ಕೋನಿನ (ವೂಫರ್‌ನ ನಡುವಿನ ಶಂಕುವಿನಾಕಾರದ ಹಾಳೆ) ಮೇಲೆ ಬೂಷ್ಟು ಹಿಡಿದಿದೆಯೇ ಎಂದೂ ನೋಡಬೇಕು.

ಇನ್ನೊಂದು ಲಕ್ಷ ಕೈಗೆ ಬಂದಾಗ ಡೆನಾನ್, ಯಮಹಾ, ಒನ್ಕಿಯೊ, ಸೋನಿ ಇವುಗಳಲ್ಲಿ ಯಾವುದಾದರೂ 5.1 ಅಥವಾ 7.2 ರಿಸೀವರ್ ತರಬಹುದು. ರಿಸೀವರ್ ಎಂದರೆ ಒಂದೇ ಪೆಟ್ಟಿಗೆಯಲ್ಲಿ ಎಚ್‌ಡಿಎಂಐ ಕೂಡುದಾರಿ, ಡಾಲ್ಬಿ ಮತ್ತು ಡಿಟಿಎಸ್ ಎಂಬ ಸಿನಿಮಾ ಧ್ವನಿಯ ಸಂಕೇತಗಳನ್ನು ಬಿಡಿಸುವ ಚಿಪ್ಪು, ಐದು ಅಥವಾ ಏಳು ಆಂಪ್ಲಿಫೈಯರ್ ಮತ್ತು ರೇಡಿಯೊ ಎಲ್ಲವೂ. ಅದೇ ಬೆಲೆಯ ಸ್ಟೀರಿಯೊ ಆಂಪ್ಲಿಫೈಯರ್‌ಗೆ ಹೋಲಿಸಿದರೆ ಹಾಡಿನಲ್ಲಿ ಅದು ಒಂದು ಹೆಜ್ಜೆ ಹಿಂದೆ ಎಂಬುದು ನನ್ನ ಅನುಭವ. ಮುಂದಿನ ಎರಡು ಸ್ಪೀಕರ್‌ಗಳ ಧ್ವನಿಯನ್ನು ಬೇರೆ ಆಂಪ್ಲಿಫೈಯರ್‌ಗೆ ಕಳುಹಿಸುವ ಕಿಂಡಿ, ಅಂದರೆ ಪ್ರೀ-ಔಟ್, ಇರುವ ಮಾದರಿ ಕೈಗೆಟುಕಿದರೆ ಅದನ್ನೇ ಆರಿಸಿ. ಆಗ ಈಗಿನ ಆಂಪ್ಲಿಫೈಯರೇ ಮುಂದಿನ ಎರಡು ಸ್ಪೀಕರ್‌ಗಳನ್ನು ನಡೆಸುತ್ತದೆ, ಏನೂ ಮೂಲೆಗೆ ಬೀಳುವುದಿಲ್ಲ. ರಿಸೀವರ್ ಬಂದ ಮೇಲೆ ಮೊದಲು ಸೆಂಟರ್, ನಂತರ ಸಬ್‌ವೂಫರ್, ಕೊನೆಗೆ ಹಿಂದಿನ ಎರಡು. ಸಿನಿಮಾದ ಮಾತೆಲ್ಲ ಬಹುಪಾಲು ಸೆಂಟರ್‌ನಿಂದಲೇ ಬರುವುದರಿಂದ ಈ ಕ್ರಮ. ನಮ್ಮ ಹೆಂಚಿನ ಮನೆಯಲ್ಲಿ ಆಷಾಢದ ಮಳೆ ಹೊಡೆಯುವಾಗ ಸೆಂಟರ್ ಇಲ್ಲದೆ ಒಂದು ಸಂಭಾಷಣೆಯೂ ತಿಳಿಯುತ್ತಿರಲಿಲ್ಲ. 2014ರಿಂದ ಮನೆಗಳಿಗೂ ಬಂದಿರುವ ಡಾಲ್ಬಿ ಅಟ್ಮಾಸ್ ಬಗ್ಗೆ ಈಗ ಚಿಂತೆ ಬೇಡ. ಅದಕ್ಕೆ ಮೇಲಿನಿಂದ ಧ್ವನಿ ಬರುವಂತೆ ಮಾಡುವ ಸ್ಪೀಕರ್‌ಗಳು ಬೇಕು, ಬಜೆಟ್ ಎರಡು ಲಕ್ಷ ದಾಟಿದಾಗ ನೋಡಿದರಾಯಿತು.

ಹಣ ಬೇಡದ ಕೆಲಸವೂ ಒಂದಿದೆ. ನಿಮ್ಮ ಹಾಲ್‌ನ ಅಳತೆಗೆ ಉದ್ದದಲ್ಲಿ ಸುಮಾರು 31, ಅಗಲದಲ್ಲಿ 47, ಎತ್ತರದಲ್ಲಿ 56 ಹರ್ಟ್ಜ್‌ನ ಸ್ವರಗಳು ಗೋಡೆಯಿಂದ ಗೋಡೆಗೆ ನಿಂತು ಮೊರೆಯುತ್ತವೆ. ಮೂರೂ ಬೇರೆಬೇರೆ ಇರುವುದು ನಿಮ್ಮ ಪುಣ್ಯ. ಚೌಕ ಕೋಣೆಯಾಗಿದ್ದರೆ ಎರಡು ಒಂದಾಗಿ ಸಬ್‌ವೂಫರ್ ಬರೀ ಗುಡುಗುತ್ತಿತ್ತು. ಸಬ್‌ವೂಫರ್ ಬಂದ ಮೇಲೆ ಅದನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಹಾಡು ಹಾಕಿ, ಗೋಡೆಯಂಚಿನಲ್ಲಿ ಮಂಡಿಯೂರಿ ನಡೆಯಿರಿ. ಎಲ್ಲಿ ಮಂದ್ರ ಸ್ವರಗಳು ಸಮನಾಗಿ ಕೇಳುತ್ತವೋ ಅಲ್ಲಿ ಅದನ್ನು ಇಡಿ, ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರ್‌ಗೆ ಹೋಗಬೇಕೆಂಬ ಗಡಿ) 80 ಹರ್ಟ್ಜ್‌ಗೆ ಹೊಂದಿಸಿ. ಹೊಸ ಟೈಲ್ಸ್ ನೆಲದಲ್ಲಿ ಒಂದು ಚಪ್ಪಾಳೆ ತಟ್ಟಿದರೆ ಝಣ್ ಎಂದು ಮರುದನಿ ಬರುತ್ತದೆ. ಸ್ಪೀಕರ್‌ಗಳಿಗೂ ಸೋಫಾಗೂ ನಡುವೆ ದಪ್ಪ ಜಮಖಾನ ಹಾಸಿ, ಕಿಟಕಿಗೆ ಭಾರದ ಪರದೆ ಹಾಕಿ, ಮತ್ತೆ ತಟ್ಟಿ ನೋಡಿ.

ಗಾರೆ ಕೆಲಸ ಇನ್ನೂ ಮುಗಿದಿಲ್ಲ ಎಂದಿದ್ದೀರಲ್ಲ, ಇದನ್ನು ಈ ವಾರವೇ ಮಾಡಿಸಿ. ಮುಂದೆ ಬರುವ ಹಿಂದಿನ ಸ್ಪೀಕರ್‌ಗಳ ತಂತಿಗಾಗಿ ಟಿವಿ ಗೋಡೆಯಿಂದ ಹಿಂದಿನ ಗೋಡೆಯ ಎರಡೂ ಮೂಲೆಗೆ, ಕರೆಂಟಿನ ತಂತಿ ಹೋಗುವ ಪೈಪಿನಿಂದ ದೂರದಲ್ಲಿ, 25 ಮಿಲಿಮೀಟರ್‌ನ ಪಿವಿಸಿ ಪೈಪ್ ಹೂಳಿಸಿ. ಒಳಗೆ 2.5 ಚದರ ಮಿಲಿಮೀಟರ್‌ನ ಸಾಮಾನ್ಯ ತಾಮ್ರದ ತಂತಿ ಸಾಕು. ಅರ್ತಿಂಗ್ ಸರಿಯಾಗಿದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಮೀಟರ್ ಹಿಡಿಸಿ ನೋಡಿ.

ಸಿಡಿಲಿನ ವಿಷಯದಲ್ಲಿ ನನ್ನ ನಷ್ಟ ನಿಮಗೆ ಆಗಬಾರದು. ಕಾಫಿ ಹೂಮಳೆ ಬೀಳುವ ದಿನಗಳಲ್ಲಿ ಒಂದು ಸಂಜೆ ಗೋಡೆಯ ಪ್ಲಗ್ ತೆಗೆದಿದ್ದೆ, ಆದರೆ ಡಿಶ್ ಕೇಬಲ್ ತೆಗೆದಿರಲಿಲ್ಲ. ಸಿಡಿಲು ಆ ಕೇಬಲ್‌ನಿಂದ ಸೆಟ್ ಟಾಪ್ ಬಾಕ್ಸ್‌ಗೆ, ಅಲ್ಲಿಂದ ಎಚ್‌ಡಿಎಂಐ ತಂತಿಯಲ್ಲಿ ರಿಸೀವರ್‌ಗೆ ಹರಿದು ಅದರ ಎಚ್‌ಡಿಎಂಐ ಬೋರ್ಡನ್ನು ಸುಟ್ಟಿತು. ರಿಪೇರಿಗೆ ಬೆಂಗಳೂರಿಗೆ ಕಳುಹಿಸಿ ಆರು ವಾರ ಕಾದೆ. ಹೊಸದರ ಅರ್ಧ ಬೆಲೆ ತೆತ್ತೆ. ಸ್ಟೆಬಿಲೈಸರ್ ವೋಲ್ಟೇಜಿನ ಏರಿಳಿತ ತಡೆಯುತ್ತದೆಯೇ ಹೊರತು ಸಿಡಿಲನ್ನು ತಡೆಯುವುದಿಲ್ಲ. ಮೋಡ ಕವಿದಾಗ, ಗುಡುಗು ಶುರುವಾಗುವ ಮೊದಲೇ ಪ್ಲಗ್, ಡಿಶ್ ಕೇಬಲ್, ಇಂಟರ್‌ನೆಟ್ ತಂತಿ, ಮೂರನ್ನೂ ಕಿತ್ತಿಡಿ.

ನಿಮ್ಮ ಟಿವಿಯ ಎಚ್‌ಡಿಎಂಐ ಕಿಂಡಿಯ ಪಕ್ಕದಲ್ಲಿ ಎಆರ್‌ಸಿ (ಟಿವಿಯ ಧ್ವನಿಯನ್ನು ಎಚ್‌ಡಿಎಂಐ ತಂತಿಯಲ್ಲೇ ರಿಸೀವರ್‌ಗೆ ಕಳುಹಿಸುವ ವ್ಯವಸ್ಥೆ) ಎಂದಿದೆಯೋ ಅದರ ಹೊಸ ರೂಪವಾದ ಇಎಆರ್‌ಸಿ ಎಂದಿದೆಯೋ ನೋಡಿ ಬರೆಯಿರಿ. ರಿಸೀವರ್ ಕೊಳ್ಳುವ ಹೊತ್ತಿಗೆ ಯಾವ ಮಾದರಿ ಹೊಂದುತ್ತದೆ ಎಂದು ಹೇಳಲು ನನಗೆ ಅದು ಬೇಕು.