ಬೆಟ್ಟದ ಮೇಲೆ ಹ್ಯಾಮ್ ರೇಡಿಯೊ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಂದಿಬೆಟ್ಟದ ಮೇಲಿಂದ 2 ಮೀಟರ್ ಬ್ಯಾಂಡಿನಲ್ಲಿ (ಹವ್ಯಾಸಿ ರೇಡಿಯೊದವರ 144–146 ಮೆಗಾಹರ್ಟ್ಸ್) ದೂರದೂರ ಕೇಳಿಸಬೇಕಲ್ಲವೇ? ಕೈಯಲ್ಲಿ ಹಿಡಿಯುವ ನನ್ನ ಹ್ಯಾಂಡಿ ಸೆಟ್ಟಿಗೆ ಮನೆಯ ತಾರಸಿಯಲ್ಲಿ ಕೇಳುವಷ್ಟೂ ಅಲ್ಲಿ ಕೇಳಲಿಲ್ಲ. ಉದ್ದದ ಆಂಟೆನಾ ಹಾಕಿದ ಮೇಲಂತೂ ಪೂರ್ತಿ ಮೌನ. ಸೆಟ್ ಕೆಟ್ಟಿದೆಯೇ?
– ಓದುಗರು, ಯಲಹಂಕ

ಉತ್ತರ: ಕೆಟ್ಟಿಲ್ಲ, ಕಿವುಡಾಗಿದೆ. ನಂದಿಯ ಎತ್ತರ 1,478 ಮೀಟರ್. ಸುತ್ತಲ ಬಯಲಿನಿಂದ ಲೆಕ್ಕ ಹಾಕಿದರೆ ಸುಮಾರು 550. ಇದರ ವರ್ಗಮೂಲವನ್ನು 4.12ರಿಂದ ಗುಣಿಸಿ: ರೇಡಿಯೊ ದಿಗಂತ, ಅಂದರೆ ಸಂಕೇತ ನೇರವಾಗಿ ತಲುಪುವ ದೂರ, ಹೆಚ್ಚುಕಡಿಮೆ 97 ಕಿಲೋಮೀಟರ್. ಆದರೆ ಅಷ್ಟು ಜಾಗದ ಎಲ್ಲ ಟ್ರಾನ್ಸ್‌ಮಿಟರುಗಳಿಗೂ ನೀವು ನೇರ ಕಾಣುತ್ತೀರಿ. ಅಗ್ಗದ ಹ್ಯಾಂಡಿಗಳಲ್ಲಿ ಆಂಟೆನಾದ ಬೆನ್ನಿಗೇ ಬಿಗಿಯಾದ ಫಿಲ್ಟರ್ ಇರುವುದಿಲ್ಲ. ಬೇಡದ ಪ್ರಬಲ ಸಂಕೇತಗಳು ರಿಸೀವರಿನ ಮೊದಲ ಹಂತವನ್ನೇ ಉಸಿರುಗಟ್ಟಿಸುತ್ತವೆ. ಉದ್ದದ ಆಂಟೆನಾ ಆ ಬೇಡದ್ದನ್ನೂ ಇನ್ನಷ್ಟು ಒಳಗೆ ತರುತ್ತದೆ.

ಖಚಿತಪಡಿಸಿಕೊಳ್ಳಲು ಸ್ಕ್ವೆಲ್ಚ್ (ದುರ್ಬಲ ಸಂಕೇತವನ್ನು ಮೌನಗೊಳಿಸುವ ನಿಯಂತ್ರಣ) ಸೊನ್ನೆಗಿಟ್ಟು, ಹತ್ತಿರದ ಟವರಿಗೂ ನಿಮಗೂ ನಡುವೆ ದೊಡ್ಡ ಬಂಡೆ ಬರುವಂತೆ ಸರಿದು ನಿಲ್ಲಿ. ಮುಳುಗಿದ್ದ ಮಾತು ಎದ್ದುಬಂದರೆ ರೋಗ ಇದೇ. ಮೂರು ಎಲಿಮೆಂಟಿನ ಯಾಗಿ (ಒಂದೇ ದಿಕ್ಕಿಗೆ ಹೆಚ್ಚು ಕೇಳುವ ಆಂಟೆನಾ) ಹಿಡಿದು ಅದರ ಬೆನ್ನನ್ನು ಟವರಿನ ಕಡೆಗೆ ತಿರುಗಿಸುವುದು ಒಂದು ಮದ್ದು. 144ರಿಂದ 146 ಮೆಗಾಹರ್ಟ್ಸ್ ಮಾತ್ರ ಒಳಬಿಡುವ ಬ್ಯಾಂಡ್‌ಪಾಸ್ ಫಿಲ್ಟರ್ ಇನ್ನೊಂದು. ಪವರ್ ಹೆಚ್ಚಿಸಿ ಪ್ರಯೋಜನವಿಲ್ಲ. ತೊಂದರೆ ಇರುವುದು ಕೇಳುವ ಕಡೆ.

ಪ್ರಶ್ನೆ: 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಸ್ ಆಸುಪಾಸು), ಆಂಟೆನಾವನ್ನು ಸೆಟ್ಟಿಗೆ ಹೊಂದಿಸುವ 49:1 ಟ್ರಾನ್ಸ್‌ಫಾರ್ಮರ್ ಹಾಕಿ, ತುದಿಯಿಂದ ಫೀಡ್ ಮಾಡುವ ಅರ್ಧತರಂಗದ ಆಂಟೆನಾ ಕಟ್ಟಿದ್ದೇನೆ. ಮನೆಯಲ್ಲಿ ಎಸ್‌ಡಬ್ಲ್ಯೂಆರ್ (ಆಂಟೆನಾ ಸೆಟ್ಟಿಗೆ ಎಷ್ಟು ಹೊಂದುತ್ತದೆ ಎನ್ನುವ ಅಳತೆ, 1 ಇದ್ದರೆ ಉತ್ತಮ) 1.4 ಇದ್ದದ್ದು ಬೆಟ್ಟದಲ್ಲಿ 3 ದಾಟುತ್ತದೆ. ತಂತಿ ಎಷ್ಟು ಕತ್ತರಿಸಲಿ?
– ಓದುಗರು, ಚಿಕ್ಕಮಗಳೂರು

ಉತ್ತರ: ಸದ್ಯಕ್ಕೆ ಕತ್ತರಿ ಕೆಳಗಿಡಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಉದ್ದ ಸಿಗುತ್ತದೆ, 7.1ಕ್ಕೆ 20.1 ಮೀಟರ್. ತಂತಿ ನೆಲಕ್ಕೆ ಹತ್ತಿರವಾದಷ್ಟೂ ಅನುರಣನ, ಅಂದರೆ ಆಂಟೆನಾ ಚೆನ್ನಾಗಿ ಹೊಂದುವ ಆವೃತ್ತಿ, ಕೆಳಗಿಳಿಯುತ್ತದೆ. ಆಂಟೆನಾ ಅಳೆಯುವ ಅನಲೈಸರಿನಲ್ಲಿ ಎಸ್‌ಡಬ್ಲ್ಯೂಆರ್‌ನ ತಗ್ಗು ಎಲ್ಲಿದೆ ನೋಡಿ. 7.03ರಲ್ಲಿ ಕಂಡರೆ ತುದಿಯ 20 ಸೆಂಟಿಮೀಟರನ್ನು ಹಿಂದಕ್ಕೆ ಮಡಚಿ ಸುತ್ತಿ, ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ. ಮಡಚಿದ್ದನ್ನು ಬಿಡಿಸಬಹುದು, ಕತ್ತರಿಸಿದ್ದನ್ನು ಆಗದು.

ತಗ್ಗೇ ಕಾಣದಿದ್ದರೆ, ಅಥವಾ ಸೆಟ್ ಮುಟ್ಟಿದಾಗೆಲ್ಲ ಮೀಟರ್ ಅಲುಗಿದರೆ ಅನುಮಾನ ಕೋಆಕ್ಸ್ (ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್) ಮೇಲೆ. ಈ ಆಂಟೆನಾಕ್ಕೂ ಕರೆಂಟ್ ಮರಳುವ ದಾರಿ ಬೇಕು. ನೀವು ಕೊಡದಿದ್ದರೆ ಕೋಆಕ್ಸಿನ ಹೊರಕವಚವೇ ಆ ಕೆಲಸ ಮಾಡುತ್ತದೆ. ಮನೆಯಲ್ಲಿ ಹತ್ತು ಮೀಟರ್ ಕೇಬಲ್, ಬೆಟ್ಟದಲ್ಲಿ ಎರಡು ಮೀಟರ್ ಎಂದರೆ ಆಂಟೆನಾವೇ ಬದಲಾದಂತೆ. ಟ್ರಾನ್ಸ್‌ಫಾರ್ಮರಿನ ಅರ್ತ್ ಕಡೆಗೆ ಎರಡು ಮೀಟರಿನ ಕೌಂಟರ್‌ಪಾಯ್ಸ್ (ಕರೆಂಟ್ ಮರಳುವ) ತಂತಿ ಸೇರಿಸಿ, ಹೊರಕವಚದ ಕರೆಂಟನ್ನು ತಡೆಯುವ ಚೋಕನ್ನು ಸೆಟ್ಟಿನ ತುದಿಯಲ್ಲಿ ಹಾಕಿ.

ಟ್ರಾನ್ಸ್‌ಫಾರ್ಮರನ್ನೂ ಪರೀಕ್ಷಿಸಿಬಿಡಿ. ಐದು ವಾಟಿಗೆ ಎಫ್‌ಟಿ140-43 ಫೆರೈಟ್ ಉಂಗುರದ ಕೋರ್, ಪ್ರೈಮರಿ 2 ಸುತ್ತು, ಸೆಕೆಂಡರಿ 14, ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್ ಸಾಕು. ಆಂಟೆನಾ ಬಿಚ್ಚಿ, ಆ ಜಾಗದಲ್ಲಿ 2.2 ಕಿಲೋಓಮ್ ಮತ್ತು 220 ಓಮ್ ರೆಸಿಸ್ಟರುಗಳನ್ನು ಸರಣಿಯಲ್ಲಿ ಹಾಕಿ ಅನಲೈಸರಿನಲ್ಲಿ ಅಳೆಯಿರಿ. ಎಸ್‌ಡಬ್ಲ್ಯೂಆರ್ 1.5ರ ಒಳಗಿದ್ದರೆ ಟ್ರಾನ್ಸ್‌ಫಾರ್ಮರ್ ಸರಿಯಿದೆ. ಕಾಲು ವಾಟಿನ ರೆಸಿಸ್ಟರ್ ಇರುವಾಗ ಸೆಟ್ಟಿನ ಬಟನ್ ಒತ್ತೀರಿ ಜೋಕೆ! ತಂತಿಯ ದೂರದ ತುದಿಯಲ್ಲಿ ವೋಲ್ಟೇಜ್ ಹೆಚ್ಚು. ಚಾರಣಿಗರ ಕೈಗೆ ಎಟುಕದಂತೆ ನೈಲಾನ್ ಹಗ್ಗದಿಂದ ಕಟ್ಟಿ.

ಪ್ರಶ್ನೆ: ತುದಿಯವರೆಗೂ ರಸ್ತೆಯಿದೆ. ಕಾರಿನಲ್ಲೇ ಕೂತು ಮಾತಾಡಿದರೆ ‘ಸೋಟಾ’ (ಶಿಖರಗಳಿಂದ ರೇಡಿಯೊ ಸಂಪರ್ಕ ಮಾಡುವ ಕಾರ್ಯಕ್ರಮ) ಅಂಕ ಬರುತ್ತದೆಯೇ?
– ಓದುಗರು, ಮೈಸೂರು

ಉತ್ತರ: ಬರುವುದಿಲ್ಲ. 2002ರ ಮಾರ್ಚ್‌ನಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ‘ಸಮಿಟ್ಸ್ ಆನ್ ದಿ ಏರ್’ ಕಾರ್ಯಕ್ರಮದಲ್ಲಿ ವಾಹನದೊಳಗಿನಿಂದ ಮಾತಾಡುವುದು, ಪೆಟ್ರೋಲ್ ಜನರೇಟರ್ ಎರಡೂ ನಿಷಿದ್ಧ. ಪಟ್ಟಿಯಲ್ಲಿರುವ ಶಿಖರವೇ ಆಗಬೇಕು, ತುದಿಯಿಂದ ಲಂಬವಾಗಿ 25 ಮೀಟರಿಗಿಂತ ಕೆಳಗೆ ಕೂರಬಾರದು. ಅಂಕಕ್ಕೆ ನಾಲ್ಕು ಬೇರೆಬೇರೆ ನಿಲ್ದಾಣಗಳ ಸಂಪರ್ಕ ಬೇಕು, ನೆಲದ ರಿಪೀಟರ್ (ಸಂಕೇತ ಹಿಡಿದು ಮರುಪ್ರಸಾರ ಮಾಡುವ ಕೇಂದ್ರ) ಮೂಲಕ ಆಡಿದ ಮಾತು ಲೆಕ್ಕಕ್ಕಿಲ್ಲ. 12.8 ವೋಲ್ಟ್, 3 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಚೀಲದಲ್ಲಿದ್ದರೆ ಸಾಕು. ಕೇಳುವಾಗ 0.45, ಮಾತಾಡುವಾಗ 2 ಆಂಪಿಯರ್ ಎಳೆಯುವ ಸೆಟ್ಟಿನಲ್ಲಿ ಕಾಲು ಭಾಗ ಹೊತ್ತು ಮಾತಾಡಿದರೂ ಮೂರು ಗಂಟೆ ಬರುತ್ತದೆ.