ಮೆಕ್ ಆಟದ ಅತಿಬಲದ ಬಿಲ್ಡ್‌ಗಳು: ಕೊಡಗಿನ ಓದುಗರ ಪ್ರಶ್ನೆ, ನಮ್ಮ ಉತ್ತರ

ಒಳಗೆ ಪೈಲಟ್ ಕೂತು ನಡೆಸುವ ದೈತ್ಯ ಯುದ್ಧಯಂತ್ರಕ್ಕೆ ಮೆಕ್ ಎನ್ನುತ್ತಾರೆ. ಅದಕ್ಕೆ ಆಯುಧ, ಎಂಜಿನ್, ಕವಚ ಆರಿಸಿ ಜೋಡಿಸಿದ ರೀತಿಯೇ ಬಿಲ್ಡ್. ಇಂಥ ಯಂತ್ರಗಳ ಆನ್‌ಲೈನ್ ಕಾಳಗದ ಬಗ್ಗೆ ಕೊಡಗಿನಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು.

ಮೆಕ್‌ವಾರಿಯರ್ ಆನ್‌ಲೈನ್ ಆಟದ ಆಯುಧಗಳೆಲ್ಲ ಬ್ಯಾಟಲ್‌ಟೆಕ್ ಎಂಬ ಬೋರ್ಡ್ ಆಟದಿಂದ ಬಂದವಂತೆ. ಅಲ್ಲಿ ಯಾರಿಗೂ ತೊಂದರೆ ಕೊಡದ ಪಿಪಿಸಿ ಎಂಬ ಕಣ ಫಿರಂಗಿ ಇಲ್ಲಿ ಯಾಕೆ ಅಷ್ಟು ಗಲಾಟೆ ಎಬ್ಬಿಸಿತು? ‘ಗೋಸ್ಟ್ ಹೀಟ್’ ಎಂಬ ದಂಡ ನಿಜಕ್ಕೂ ಬೇಕಿತ್ತೇ?
ವಿದ್ಯಾರ್ಥಿ, ಮಡಿಕೇರಿ

ಗಲಾಟೆಗೆ ಕಾರಣ ಪಿಪಿಸಿಯ ಡ್ಯಾಮೇಜ್ ಅಲ್ಲ. ಆ ಡ್ಯಾಮೇಜ್ ಎಲ್ಲಿ ಹೋಗಿ ಬೀಳುತ್ತದೆ ಎಂಬುದು.

ಬೋರ್ಡ್ ಆಟದಲ್ಲಿ ಪ್ರತಿ ಆಯುಧಕ್ಕೂ ಬೇರೆ ಬೇರೆಯಾಗಿ ಎರಡು ದಾಳ ಉರುಳಿಸಿ ಏಟು ಬಿದ್ದ ಜಾಗ ನಿರ್ಧರಿಸುತ್ತಾರೆ. ಎದುರಿನಿಂದ ಹೊಡೆದಾಗ 7 ಅಥವಾ 2 ಬಿದ್ದರೆ ನಡುಎದೆ, 12 ಬಿದ್ದರೆ ತಲೆ, ಉಳಿದ ಅಂಕಿಗಳಿಗೆ ಕೈ, ಕಾಲು, ಪಕ್ಕೆಗಳು. ಅಂದರೆ ನಡುಎದೆಗೆ ಬೀಳುವ ಸಾಧ್ಯತೆ 36ರಲ್ಲಿ 7 ಮಾತ್ರ. ಆರು ಪಿಪಿಸಿ ಹೊಡೆದು ಆರೂ ತಗುಲಿದರೂ ಸರಾಸರಿಯಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು ನಡುಎದೆಗೆ ಬೀಳುತ್ತದೆ. ಆರೂ ಅಲ್ಲಿಗೇ ಬೀಳುವುದು ಸುಮಾರು 18,500 ಸಲಕ್ಕೆ ಒಮ್ಮೆ. ಕಂಪ್ಯೂಟರ್ ಆಟದಲ್ಲಿ ದಾಳವಿಲ್ಲ, ಮೌಸ್ ಇದೆ. ಗುರಿಯ ಗುರುತು ಎಲ್ಲಿದೆಯೋ ಆರೂ ಅಲ್ಲೇ. 18,500ಕ್ಕೆ ಒಮ್ಮೆ ಆಗಬೇಕಾದ್ದು ಕೈ ಪಳಗಿದವನಿಗೆ ಪ್ರತಿ ಸಲವೂ ಆಗುತ್ತದೆ.

ಇನ್ನೊಂದು ವ್ಯತ್ಯಾಸವೂ ಸೇರಿಕೊಂಡಿತು. ಬೋರ್ಡ್ ಆಟದ ಒಂದು ಸರದಿ ಎಂದರೆ 10 ಸೆಕೆಂಡು. ಆ ಅವಧಿಯಲ್ಲಿ ಪಿಪಿಸಿ ಒಮ್ಮೆ ಹೊಡೆದು 10 ಡ್ಯಾಮೇಜ್ ಕೊಡುತ್ತದೆ, 10 ಬಿಸಿ ಏರಿಸುತ್ತದೆ (ಬಿಸಿ ಮಿತಿ ಮೀರಿದರೆ ಮೆಕ್ ಬಂದ್ ಆಗುತ್ತದೆ). ಕಂಪ್ಯೂಟರಿನಲ್ಲಿ ಅದೇ ಆಯುಧ ಕೆಲವೇ ಸೆಕೆಂಡಿನಲ್ಲಿ ಮತ್ತೆ ಸಿದ್ಧ. ಆಟ ಬೇಗ ಮುಗಿಯದಿರಲೆಂದು ಕವಚವನ್ನು ಎರಡು ಪಟ್ಟು ಮಾಡಿದರು. ಬೋರ್ಡ್ ಆಟದಲ್ಲಿ ಒಂದು ಟನ್‌ಗೆ 16 ಅಂಕ, ಇಲ್ಲಿ 32. ಅದೂ ಸಾಲಲಿಲ್ಲ. ಲೆಕ್ಕ ನೋಡಿ: 50 ಟನ್ ಮೆಕ್‌ನ ನಡುಎದೆಗೆ ಹಿಂದೆ ಮುಂದೆ ಸೇರಿ ಗರಿಷ್ಠ 64 ಅಂಕದ ಕವಚ. ಬೆನ್ನಿಗೆ 12 ಕೊಟ್ಟರೆ ಮುಂದೆ ಉಳಿಯುವುದು 52. ಸ್ಟಾಕರ್ ಎಂಬ 85 ಟನ್ ಮೆಕ್‌ಗೆ ಆರು ಪಿಪಿಸಿ ಜೋಡಿಸಿದರೆ ಒಂದು ಬಾರಿಗೆ 60. ಮೊದಲ ಏಟಿಗೇ ಮುಂಗವಚ ಪೂರ್ತಿ ಹೋಗಿ ಒಳಗಿನ ಚೌಕಟ್ಟಿಗೂ 8 ಅಂಕದ ಪೆಟ್ಟು. ಎರಡನೇ ಏಟಿಗೆ ಕಥೆ ಮುಗಿಯಿತು.

2013ರಲ್ಲಿ ಬಂದ ಗೋಸ್ಟ್ ಹೀಟ್ ಇದಕ್ಕೆ ಹಾಕಿದ ಮೂಗುದಾರ. ಒಂದೇ ಜಾತಿಯ ಆಯುಧವನ್ನು ಅರ್ಧ ಸೆಕೆಂಡಿನೊಳಗೆ ನಿಗದಿತ ಸಂಖ್ಯೆಗಿಂತ ಹೆಚ್ಚು ಹೊಡೆದರೆ ಮಾಮೂಲಿ ಬಿಸಿಯ ಮೇಲೆ ದಂಡದ ಬಿಸಿ ಏರುತ್ತದೆ. ಹೆಚ್ಚುವರಿ ಆಯುಧ ಒಂದೊಂದಾದಂತೆ ದಂಡ ಜಿಗಿದು ಬೆಳೆಯುತ್ತದೆ. ಹಾಕಿ ಬಲ್ಲ ಕೊಡಗಿನವರಿಗೆ ಇದು ಹೊಸದಲ್ಲ. ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲಿನತ್ತ ಮೊದಲ ಹೊಡೆತ ‘ಹಿಟ್’ ಆಗಿದ್ದರೆ ಚೆಂಡು 460 ಮಿಲಿಮೀಟರ್ ಎತ್ತರದ ಹಲಗೆಯನ್ನು ಮೀರಿ ಗೋಲು ಗೆರೆ ದಾಟುವಂತಿಲ್ಲ. ಫ್ಲಿಕ್‌ಗೆ ಆ ಮಿತಿ ಇಲ್ಲ. ಸ್ಟಿಕ್ಕಿನ ಬಲ ಯಾರೂ ಕಡಿಮೆ ಮಾಡಲಿಲ್ಲ, ಅಪಾಯದ ಬಳಕೆಯೊಂದಕ್ಕೆ ಗೆರೆ ಎಳೆದರು. ಗೋಸ್ಟ್ ಹೀಟ್ ಸಹ ಪಿಪಿಸಿಯನ್ನು ಮುಟ್ಟಲಿಲ್ಲ, ಆರನ್ನು ಒಟ್ಟಿಗೆ ಹೊಡೆಯುವುದನ್ನು ದುಬಾರಿ ಮಾಡಿತು. ಹಾಗಾಗಿ ಬೇಕಿತ್ತು ಎಂದೇ ನಮ್ಮ ಉತ್ತರ.

ಅದರ ದೊಡ್ಡ ದೋಷವೆಂದರೆ ಪರದೆಯ ಮೇಲೆ ಕಾಣದೆ ಕೆಲಸ ಮಾಡುವುದು. ಹೊಸಬನಿಗೆ ತನ್ನ ಮೆಕ್ ಯಾಕೆ ಏಕಾಏಕಿ ಬಂದ್ ಆಯಿತೆಂದು ತಿಳಿಯದು. ಇನ್ನೊಂದು ದೋಷ, ದಂಡ ಜಾತಿವಾರು ಇದ್ದುದರಿಂದ ಗಾಸ್ ಎಂಬ ಕೋವಿ ಎರಡು ಮತ್ತು ಎರಡು ಪಿಪಿಸಿ ಬೆರೆಸಿ ದಂಡವಿಲ್ಲದೆ 50 ಹೊಡೆಯುವ ದಾರಿ ತೆರೆಯಿತು. ಗಾಸ್ ಒಂದಕ್ಕೆ 15 ಡ್ಯಾಮೇಜ್, ಬಿಸಿ ಬರೀ 1. ಅದಕ್ಕಾಗಿ ಗಾಸ್‌ಗೆ ಮುಕ್ಕಾಲು ಸೆಕೆಂಡು ಗುಂಡಿ ಒತ್ತಿ ಹಿಡಿದು ಬಿಡುವ ‘ಚಾರ್ಜ್’ ತಂದರು. ಪಿಪಿಸಿಯ ಜೊತೆ ಕೈ ಹೊಂದಿಸುವುದು ಆಗ ಕಷ್ಟವಾಯಿತು. ನಮ್ಮ ಅಭಿಪ್ರಾಯದಲ್ಲಿ ಈ ತಿದ್ದುಪಡಿ ಗೋಸ್ಟ್ ಹೀಟ್‌ಗಿಂತ ಚೆನ್ನಾಗಿದೆ. ಅದರ ಬೆಲೆ ಆಟಗಾರನ ಬೆರಳಿಗೆ ನೇರವಾಗಿ ತಿಳಿಯುತ್ತದೆ.

ಮೆಕ್‌ವಾರಿಯರ್ ಆನ್‌ಲೈನ್‌ನಲ್ಲಿ ನನ್ನದು 50 ಟನ್ನಿನ ಹಂಚ್‌ಬ್ಯಾಕ್ 4ಜಿ ಮೆಕ್. ಬಲಭುಜದ ದೊಡ್ಡ ಕೋವಿ ಹೋದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಎಕ್ಸ್‌ಎಲ್ ಎಂಜಿನ್ ಹಾಕಿ ತೂಕ ಉಳಿಸಲೇ?
ಓದುಗರು, ವಿರಾಜಪೇಟೆ

ಬೇಡ. ಹಾಕಲು ಹೋದರೂ ಕೂರುವುದಿಲ್ಲ. ಆ ಕೋವಿ ಎಸಿ/20, ತೂಕ 14 ಟನ್, ಜಾಗ 10 ಸ್ಲಾಟ್ (ಸಾಮಾನು ಕೂರಿಸುವ ಖಾನೆ). ಪಕ್ಕೆಯಲ್ಲಿರುವುದು 12 ಸ್ಲಾಟ್. ಇನ್ನರ್ ಸ್ಫಿಯರ್ ಎಂಬ ಬಣದ ಎಕ್ಸ್‌ಎಲ್ ಎಂಜಿನ್ ಎರಡೂ ಪಕ್ಕೆಗಳಲ್ಲಿ ಮೂರು ಮೂರು ಸ್ಲಾಟ್ ತಿನ್ನುತ್ತದೆ. ಉಳಿಯುವುದು 9. ಕೂರುವಂತಿದ್ದರೂ ಹಂಚ್‌ಬ್ಯಾಕ್‌ಗೆ ಅದು ಕೇಡು. ಆ ಎಂಜಿನ್ ಇರುವಾಗ ಒಂದು ಪಕ್ಕೆ ಹೋದರೆ ಮೆಕ್ಕೇ ಸಾಯುತ್ತದೆ, ಕೋವಿ ಉಬ್ಬಿ ಕೂತ ನಿಮ್ಮ ಬಲಪಕ್ಕೆಯ ಗೂನಿಗೋ ಎಲ್ಲರೂ ಮೊದಲು ಗುರಿ ಇಡುತ್ತಾರೆ.

ಕಾರ್ಖಾನೆಯಿಂದ ಬರುವ 4ಜಿಯ ತೂಕದ ಲೆಕ್ಕ ಹೀಗಿದೆ: ಚೌಕಟ್ಟು 5 ಟನ್, 200ರ ಸಾಮಾನ್ಯ ಎಂಜಿನ್ 8.5, ಜೈರೋ 2, ಕಾಕ್‌ಪಿಟ್ 3, ಕವಚ 10, ಎಸಿ/20 14, ಅದರ ಗುಂಡು 2, ಮೀಡಿಯಂ ಲೇಸರ್ ಎರಡು 2, ತಲೆಯ ಸ್ಮಾಲ್ ಲೇಸರ್ 0.5, ಎಂಜಿನ್ ಜೊತೆಗೆ ಬರುವ ಹತ್ತನ್ನು ಬಿಟ್ಟು ಮೂರು ಹೀಟ್ ಸಿಂಕ್ (ಬಿಸಿ ಇಳಿಸುವ ಸಾಧನ) 3. ಕೂಡಿದರೆ 50.

ಮೊದಲ ಕೆಲಸ, ಚೌಕಟ್ಟನ್ನು ಎಂಡೋ ಸ್ಟೀಲ್ ಎಂಬ ಹಗುರ ಬಗೆಗೆ ಬದಲಿಸಿ. ತೂಕ ಅರ್ಧಕ್ಕೆ ಇಳಿದು 2.5 ಟನ್ ಕೈಗೆ ಬರುತ್ತದೆ, ಬದಲಿಗೆ 14 ಸ್ಲಾಟ್ ಹೋಗುತ್ತದೆ. ಆ 2.5ರಲ್ಲಿ ಅರ್ಧ ಟನ್ ಕವಚಕ್ಕೆ ಕೊಡಿ, 320 ಅಂಕ ಇದ್ದದ್ದು 336 ಆಗುತ್ತದೆ (ಗರಿಷ್ಠ 338). ಇನ್ನರ್ಧ ಟನ್‌ಗೆ ತಲೆಯ ಸ್ಮಾಲ್ ಲೇಸರ್ ತೆಗೆದು ಮೀಡಿಯಂ ಹಾಕಿ. ಉಳಿದ ಒಂದೂವರೆ ಟನ್ ಗುಂಡಿಗೆ. ಎರಡನೆಯದು, ಹೀಟ್ ಸಿಂಕ್‌ಗಳನ್ನು ಹೆಚ್ಚು ಬಿಸಿ ಇಳಿಸುವ ‘ಡಬಲ್’ ಬಗೆಗೆ ಬದಲಿಸಿ. ಎಂಜಿನ್ ಲೆಕ್ಕದಲ್ಲಿ ಹತ್ತು ಬಂದರೂ 200ರ ಎಂಜಿನ್ ಒಳಗೆ 8 ಮಾತ್ರ ಹಿಡಿಯುತ್ತವೆ. 13ರಲ್ಲಿ ಉಳಿದ 5 ಹೊರಗೆ, ತಲಾ 3 ಸ್ಲಾಟ್, ಒಟ್ಟು 15. ಎಡಪಕ್ಕೆಯ 12 ಸ್ಲಾಟಿಗೆ ನಾಲ್ಕು, ಎಡಗೈಗೆ ಒಂದು. ಗುಂಡೆಲ್ಲ ಕಾಲುಗಳಿಗೆ: ಎರಡೂ ಕಾಲಿನಲ್ಲಿ ಎರಡೆರಡು ಖಾಲಿ ಸ್ಲಾಟ್ ಇವೆ, ಮೂರೂವರೆ ಟನ್ ಗುಂಡು ನಾಲ್ಕು ಸ್ಲಾಟಿಗೆ ಸರಿಹೊಂದುತ್ತದೆ. ಇಡೀ ಮೆಕ್‌ನಲ್ಲಿ ಕೊನೆಗೆ ಒಂದೇ ಸ್ಲಾಟ್ ಖಾಲಿ ಉಳಿಯಬೇಕು. ಹೆಚ್ಚು ಉಳಿದಿದ್ದರೆ ಯಾವುದೋ ಒಂದನ್ನು ಮರೆತಿದ್ದೀರಿ.

ಗುಂಡನ್ನು ಬಲಪಕ್ಕೆಯಲ್ಲಿ, ಕೋವಿಯ ಬಗಲಲ್ಲೇ ಇಡುವುದು ಹೊಸಬರ ಸಾಮಾನ್ಯ ತಪ್ಪು. ಕವಚ ಕಿತ್ತುಬಂದ ಮೇಲೆ ಗುಂಡಿನ ಪೆಟ್ಟಿಗೆಗೆ ಏಟು ಬಿದ್ದರೆ ಅದು ಒಳಗೇ ಸಿಡಿಯುತ್ತದೆ. ಕೋವಿ ಹೋದ ಮೇಲೆ ಹೇಗೂ ಆ ಗುಂಡಿನಿಂದ ಉಪಯೋಗವಿಲ್ಲ.

ತೂಕ ಇನ್ನೂ ಉಳಿಸಲೇಬೇಕು ಎಂದಿದ್ದರೆ ಲೈಟ್ ಎಂಜಿನ್ ನೋಡಿ. ಪಕ್ಕೆಗೆ ಎರಡೇ ಸ್ಲಾಟ್ ತಿನ್ನುವುದರಿಂದ ಎಸಿ/20 ಒಂದಿಂಚೂ ಬಿಡದೆ ಕೂರುತ್ತದೆ, 2 ಟನ್ ಉಳಿಯುತ್ತದೆ. ಆದರೆ ಹೊರಗಿನ ಹೀಟ್ ಸಿಂಕ್ ಒಂದನ್ನು ತೆಗೆಯಬೇಕು, ಇಲ್ಲದಿದ್ದರೆ ಎಂಡೋ ಸ್ಟೀಲ್‌ಗೆ ಜಾಗ ಸಾಲದು. ಒಂದು ಪಕ್ಕೆ ಹೋದರೂ ಮೆಕ್ ಬದುಕುತ್ತದೆ, ವೇಗ ಕುಸಿಯುತ್ತದೆ, ಬಿಸಿ ಇಳಿಯುವುದೂ ನಿಧಾನವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ನೇರ ನಿಂತು ಹೊಡೆದಾಡಿದರೆ ಗೂನು ಹೋಗಿಯೇ ಹೋಗುತ್ತದೆ. ಹೊಡೆದ ಕೂಡಲೇ ಎದೆಯನ್ನು ಬಲಕ್ಕೆ ತಿರುಗಿಸಿ, ಎಡಗೈ ಎಡಪಕ್ಕೆ ಎದುರಾಳಿಗೆ ಕಾಣುವಂತಿರಲಿ. ಕೋವಿ ಸಿದ್ಧವಾಗುವ ಹೊತ್ತಿಗೆ ಮತ್ತೆ ಎದುರಿಗೆ. ಎಡಗೈ ನಿಮ್ಮ ಗುರಾಣಿ, ಅದರ ಕವಚಕ್ಕೆ ಜಿಪುಣತನ ಬೇಡ.

ಆರ್ಮರ್ಡ್ ಕೋರ್ 6 ಎಂಬ ಇನ್ನೊಂದು ಮೆಕ್ ಆಟದಲ್ಲಿ ಎರಡು ಕೈಗೂ ಝಿಮ್ಮರ್‌ಮನ್ ಶಾಟ್‌ಗನ್ ಹಿಡಿದವರ ಮುಂದೆ ನಿಲ್ಲಲು ಆಗುತ್ತಿಲ್ಲ. ಇದಕ್ಕೆ ಮದ್ದು ಏನು?
ಓದುಗರು, ಸೋಮವಾರಪೇಟೆ

2023ರ ಆಗಸ್ಟ್‌ನಲ್ಲಿ ಆಟ ಬಂದ ಹೊಸದರಲ್ಲೇ ಬಹಳ ಮಂದಿಯ ದೂರು ಇದಾಗಿತ್ತು. ಆಮೇಲೆ ಪ್ಯಾಚ್‌ಗಳಲ್ಲಿ (ಆಟದ ತಿದ್ದುಪಡಿಗಳಲ್ಲಿ) ಅಂಕಿಗಳು ಬದಲಾಗುತ್ತ ಬಂದಿವೆ, ಆದ್ದರಿಂದ ಹಳೆಯ ವಿಡಿಯೊ ನಂಬದೆ ಯಂತ್ರ ಜೋಡಿಸುವ ಅಸೆಂಬ್ಲಿ ಪರದೆಯಲ್ಲಿ ಇವತ್ತಿನ ಅಂಕಿ ನೋಡಿ.

ಈ ಆಟದಲ್ಲಿ ಏಟಿಗೆ ಎರಡು ಮುಖ. ಒಂದು ಡ್ಯಾಮೇಜ್, ಇನ್ನೊಂದು ‘ಇಂಪ್ಯಾಕ್ಟ್’. ಇಂಪ್ಯಾಕ್ಟ್ ಎಸಿಎಸ್ (ಯಂತ್ರದ ಸಮತೋಲನ ಕಾಯುವ ವ್ಯವಸ್ಥೆ) ಪಟ್ಟಿಯಲ್ಲಿ ತುಂಬುತ್ತ ಹೋಗಿ, ತುಂಬಿದ ಕ್ಷಣ ನಿಮ್ಮ ಯಂತ್ರ ತತ್ತರಿಸಿ ನಿಲ್ಲುತ್ತದೆ. ಆಗ ಬೀಳುವ ಏಟು ಹೆಚ್ಚಿನ ಪಟ್ಟು ನೋಯಿಸುತ್ತದೆ. ಝಿಮ್ಮರ್‌ಮನ್ ಚರೆಯೆಲ್ಲ ಒಟ್ಟಿಗೆ ತಗುಲಿದಾಗ ಪಟ್ಟಿ ದಬಕ್ಕನೆ ತುಂಬುತ್ತದೆ, ತತ್ತರಿಸಿದಾಗ ಹೊಡೆಯಲು ಹೆಗಲಿನ ಭಾರಿ ಆಯುಧ ಕಾದಿರುತ್ತದೆ. ಮಡಿಕೇರಿಯ ಪ್ರಶ್ನೆಯಲ್ಲಿದ್ದ ರೋಗವೇ ಇಲ್ಲೂ, ದೊಡ್ಡ ಏಟು ಒಂದೇ ಕ್ಷಣಕ್ಕೆ.

ಮದ್ದು ದೂರ. ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುರಿ ಇಡುವವರಿಗೆ ಚರೆಯ ಗುಣ ಹೇಳಿಕೊಡಬೇಕಿಲ್ಲ, ದೂರ ಹೋದಷ್ಟೂ ಚದುರುತ್ತದೆ. ಇಲ್ಲಂತೂ ಪರಿಣಾಮಕಾರಿ ದೂರ ಮೀರಿದ ಗುಂಡು ಕವಚಕ್ಕೆ ತಾಗಿ ಪುಟಿದು ಹೋಗುತ್ತದೆ. ಹೊಡೆದ ಮೇಲೆ ಮರುತುಂಬಿಕೆಗೆ ಅದಕ್ಕೆ ಸಮಯ ಬೇಕು. ಅವನು ಎರಡೂ ಕೋವಿ ಒಟ್ಟಿಗೆ ಹೊಡೆದರೆ ಆ ಬಿಡುವಿನಲ್ಲಿ ನುಗ್ಗಿ, ಒಂದಾದ ಮೇಲೊಂದು ಹೊಡೆಯುವವನಾದರೆ ಹಿಂದೆ ಸರಿಯುತ್ತಲೇ ಇರಿ. ಪಟ್ಟಿ ಮುಕ್ಕಾಲು ತುಂಬಿದಾಗ ಹೊಡೆತದ ಆಸೆ ಬಿಟ್ಟು ತಪ್ಪಿಸಿಕೊಳ್ಳಿ. ಸ್ವಲ್ಪ ಹೊತ್ತು ಏಟು ಬೀಳದಿದ್ದರೆ ಅದು ತಾನೇ ಇಳಿಯುತ್ತದೆ.

ತಲೆ, ಕೋರ್, ಕಾಲು ಆರಿಸುವಾಗ ‘ಆ್ಯಟಿಟ್ಯೂಡ್ ಸ್ಟೆಬಿಲಿಟಿ’ ಅಂಕಿ ನೋಡಿ, ಅದು ಹೆಚ್ಚಿದಷ್ಟೂ ಪಟ್ಟಿ ದೊಡ್ಡದು. ಹೆಗಲಿಗೆ ಪಲ್ಸ್ ಶೀಲ್ಡ್ ಹಾಕಿದರೆ ಅದನ್ನು ಸದಾ ತೆರೆದಿಡಬೇಡಿ. ತೆರೆದ ಮೊದಲ ಕ್ಷಣದಲ್ಲೇ ಅದರ ತಡೆಯುವ ಶಕ್ತಿ ಹೆಚ್ಚು. ಅವನ ಕೋವಿ ಮಿಂಚುವ ಹೊತ್ತಿಗೆ ತೆರೆಯುವುದನ್ನು ಅಭ್ಯಾಸ ಮಾಡಿ.

ಕಕ್ಕಡದ ಮಳೆಯಲ್ಲಿ ನಮ್ಮಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುತ್ತವೆ. ಲ್ಯಾಗ್ ಇರುವಾಗ ಯಾವ ಆಯುಧ ಒಳ್ಳೆಯದು?
ಓದುಗರು, ನಾಪೋಕ್ಲು

ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರುವ ಸಮಯ) ಹೆಚ್ಚಿದ್ದರೂ ಒಂದೇ ಸಮ ಇದ್ದರೆ ಆಡಬಹುದು. ಅದು ಏರುಪೇರಾಗುವುದೇ ತೊಂದರೆ. ಗಂಟೆಗೆ 65 ಕಿ.ಮೀ. ವೇಗದ ಮೆಕ್ ಸೆಕೆಂಡಿಗೆ 18 ಮೀಟರ್ ಹೋಗುತ್ತದೆ. 100 ಮಿಲಿಸೆಕೆಂಡ್ ಏರುಪೇರಾದರೆ ಗುರಿ 1.8 ಮೀಟರ್ ತಪ್ಪುತ್ತದೆ, 150 ಕಿ.ಮೀ. ವೇಗದ ಹಗುರ ಮೆಕ್ ಆದರೆ 4 ಮೀಟರಿಗೂ ಹೆಚ್ಚು.

ಮೆಕ್‌ವಾರಿಯರ್ ಆನ್‌ಲೈನ್‌ನ ಗಾಸ್, ಎಸಿ/20ರಂಥ ಒಂಟಿ ಗುಂಡಿನ ಆಯುಧ ಇಂಥ ದಿನಕ್ಕಲ್ಲ, ತಪ್ಪಿದರೆ ಪೂರ್ತಿ ತಪ್ಪಿತು. ಲೇಸರ್ ಸ್ವಲ್ಪ ಹೊತ್ತು ಉರಿಯುತ್ತ ಡ್ಯಾಮೇಜ್ ಕೊಡುವುದರಿಂದ ಒಂದು ತುಣುಕು ತಪ್ಪಿದರೂ ಉಳಿದದ್ದು ತಗುಲುತ್ತದೆ. ಲಾಕ್ ಮಾಡಿ ಬಿಡುವ ಎಲ್‌ಆರ್‌ಎಂ ಕ್ಷಿಪಣಿಯೂ ಆದೀತು, 180 ಮೀಟರಿಗಿಂತ ಹತ್ತಿರದವರಿಗೆ ಅದು ನಾಟುವುದಿಲ್ಲ, ಎದುರಾಳಿಯ ಇಸಿಎಂ ಎಂಬ ಸಾಧನ ಲಾಕ್ ಕೆಡಿಸುತ್ತದೆ ಎಂಬುದು ನೆನಪಿರಲಿ.

ಆಯುಧ ಬದಲಿಸುವ ಮೊದಲು ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿ. ರೂಟರ್ ಮತ್ತು ಫೈಬರ್ ಪೆಟ್ಟಿಗೆ ಎರಡಕ್ಕೂ ಚಿಕ್ಕ ಯುಪಿಎಸ್ ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ. ಸರ್ವರ್ ಆಯ್ಕೆಯಲ್ಲಿ ದೂರ ನೋಡಿ: ಫೈಬರಿನಲ್ಲಿ ಬೆಳಕಿಗೆ ಸಾವಿರ ಕಿ.ಮೀ.ಗೆ ಹೋಗಲು 5, ಬರಲು 5 ಮಿಲಿಸೆಕೆಂಡ್ ಬೇಕೇ ಬೇಕು. ಉತ್ತರ ಅಮೆರಿಕದ ಸರ್ವರ್‌ಗೆ ಯಾವ ಪ್ಲಾನ್ ಕೊಂಡರೂ ಇದು ಕಡಿಮೆಯಾಗದು.

ಕಾಲೇಜಿನ ಗೆಳೆಯರು ಸೇರಿ ಮೆಕ್ ಪಂದ್ಯಾವಳಿ ಮಾಡುತ್ತಿದ್ದೇವೆ. ಒಬ್ಬನ ಬಿಲ್ಡ್ 30 ಪಂದ್ಯದಲ್ಲಿ 18 ಗೆದ್ದಿದೆ. ನಿಷೇಧಿಸಬೇಕೇ?
ಓದುಗರು, ಗೋಣಿಕೊಪ್ಪ

ಅಷ್ಟಕ್ಕೇ ಬೇಡ. ನಾಣ್ಯವನ್ನು 30 ಸಲ ಚಿಮ್ಮಿದರೂ 18 ಅಥವಾ ಹೆಚ್ಚು ಸಲ ಒಂದೇ ಮುಖ (ರಾಜ ಎಂದಿಟ್ಟುಕೊಳ್ಳಿ) ಬೀಳುವುದು ನೂರರಲ್ಲಿ ಸುಮಾರು 18 ಬಾರಿ ಆಗುತ್ತದೆ. ಅದೇ 100ರಲ್ಲಿ 60 ಗೆದ್ದರೆ ಬೇರೆ ಮಾತು, ಬರೀ ಅದೃಷ್ಟದಿಂದ ಹಾಗಾಗುವುದು ನೂರರಲ್ಲಿ ಸುಮಾರು 3 ಬಾರಿ.

ನೂರು ಆಡುವಷ್ಟು ಬಿಡುವಿಲ್ಲದಿದ್ದರೆ ಬಿಲ್ಡ್ ಅದಲುಬದಲು ಮಾಡಿಸಿ. ಗೆಲ್ಲುತ್ತಿರುವವನಿಗೆ ಸಾಮಾನ್ಯ ಮೆಕ್ ಕೊಡಿ, ಸೋಲುತ್ತಿರುವ ಇಬ್ಬರು ಮೂವರಿಗೆ ಅವನ ಬಿಲ್ಡ್ ಕೊಡಿ, ತಲಾ ಹತ್ತು ಪಂದ್ಯ. ಅವರೂ ಗೆಲ್ಲತೊಡಗಿದರೆ ದೋಷ ಬಿಲ್ಡಿನದು. ಅವನೇ ಸಾಮಾನ್ಯ ಮೆಕ್‌ನಲ್ಲೂ ಗೆದ್ದರೆ ಅದು ಅವನ ಕೈಚಳಕ, ಅದಕ್ಕೆ ನಿಷೇಧ ಹಾಕುವುದು ಅನ್ಯಾಯ.

ದೋಷ ಬಿಲ್ಡಿನದೆಂದು ಖಚಿತವಾದರೂ ನಮ್ಮ ಸಲಹೆ ಪೂರ್ತಿ ನಿಷೇಧವಲ್ಲ. ಒಂದು ತಂಡಕ್ಕೆ ಅಂಥದ್ದು ಒಂದೇ ಎಂದು ಮಾಡಿ, ಜೊತೆಗೆ ತಂಡದ ಒಟ್ಟು ತೂಕಕ್ಕೆ ಮಿತಿ ಇಡಿ. ನಾಲ್ವರಿಗೆ 220 ಟನ್ ಎಂದಿಟ್ಟರೆ, ಒಬ್ಬ 100 ಟನ್ನಿನ ಅಟ್ಲಾಸ್ ತಂದಾಗ ಉಳಿದ ಮೂವರು 120ರಲ್ಲಿ ಸುಧಾರಿಸಬೇಕು. ನಿಯಮವನ್ನು ಪಂದ್ಯಾವಳಿಯ ಮೊದಲೇ ಬರೆದು ಎಲ್ಲರಿಗೂ ಕೊಡಿ, ನಡುವೆ ಪ್ಯಾಚ್ ಬಂದರೆ ಯಾವ ದಿನದ ಅಂಕಿ ಅನ್ವಯ ಎಂಬುದನ್ನೂ ಅದರಲ್ಲಿ ಸೇರಿಸಿ.